ಲುವಾಂಟಿ ಸರ್ವರ್ ಓಡುತ್ತಿರುವಾಗ ವರ್ಲ್ಡ್ ಫೋಲ್ಡರ್ ಕಾಪಿ ಮಾಡಬೇಡಿ

ಲುವಾಂಟಿ (ಘನಗಳಿಂದ ಲೋಕ ಕಟ್ಟುವ ಆಟಗಳ ತಂತ್ರಾಂಶ; 2024ರವರೆಗೆ ಮೈನ್‌ಟೆಸ್ಟ್) ಸರ್ವರ್ ನಡೆಸುವವರು ಇವತ್ತೇ ನಿಮ್ಮ ಬ್ಯಾಕಪ್ ತೆರೆದು ನೋಡಿ. ಹಲವರು ಸೇರಿ ಕಟ್ಟಿದ್ದ ಒಂದು ವರ್ಲ್ಡ್‌ಗೆ (ಆಟದ ಲೋಕಕ್ಕೆ) ಪ್ರತಿ ರಾತ್ರಿ ತಪ್ಪದೆ ಬ್ಯಾಕಪ್ ಆಗುತ್ತಿತ್ತು. ಡಿಸ್ಕ್ ಕೈಕೊಟ್ಟ ದಿನ ಅದನ್ನು ಹಾಕಿದರೆ ಸರ್ವರ್ ಏಳಲೇ ಇಲ್ಲ. ಲಾಗ್‌ನಲ್ಲಿ ‘ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’, ಅಂದರೆ ಡೇಟಾಬೇಸ್ ಫೈಲ್ ಕೆಟ್ಟಿದೆ. ಹಿಂದಿನ ರಾತ್ರಿಗಳ ಪ್ರತಿಗಳದ್ದೂ ಅದೇ ಗತಿ.

ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿದ್ದದ್ದು ಬರೀ ಫೈಲ್ ನಕಲಿಸುವ ಸಿಪಿ ಕಮಾಂಡ್. ಸರ್ವರ್ ನಿಲ್ಲಿಸುತ್ತಲೇ ಇರಲಿಲ್ಲ. ಲುವಾಂಟಿಯ ಡೀಫಾಲ್ಟ್ ಪ್ರಕಾರ, ಬದಲಾದ ಬ್ಲಾಕ್‌ಗಳು (ಮ್ಯಾಪ್‌ನ ತುಂಡುಗಳು) 5.3 ಸೆಕೆಂಡಿಗೊಮ್ಮೆ ಮ್ಯಾಪ್.ಎಸ್‌ಕ್ಯೂಲೈಟ್ ಎಂಬ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್‌ಗೆ ಬರೆಯಲ್ಪಡುತ್ತವೆ. ದೊಡ್ಡ ಫೈಲ್ ಕಾಪಿ ಆಗಿ ಮುಗಿಯುವಷ್ಟರಲ್ಲಿ ಅದೆಷ್ಟೋ ಸಲ ಬರಹ ನಡೆದಿರುತ್ತದೆ. ಪ್ರತಿಯಲ್ಲಿ ಅರ್ಧ ಹಳೆಯ ಪುಟ, ಅರ್ಧ ಹೊಸ ಪುಟ. ಅರ್ಧಕ್ಕೆ ನಿಂತ ಬರಹವನ್ನು ಹಿಂದಕ್ಕೆ ತರುವ ಪಕ್ಕದ ‘-ಜರ್ನಲ್’ ಫೈಲನ್ನು ಕಸವೆಂದು ಅಳಿಸಿದರಂತೂ ಕ್ರ್ಯಾಶ್ ಆದಮೇಲೆ ಸರಿಪಡಿಸಿಕೊಳ್ಳುವ ದಾರಿಯೂ ಹೋಯಿತು.

ಸರಿಯಾದ ಕ್ರಮ: /ಶಟ್‌ಡೌನ್ ಕೊಡಿ, ಪ್ರೋಸೆಸ್ ಪೂರ್ತಿ ನಿಂತಿದೆಯೇ ನೋಡಿ, ಆಮೇಲೆ ಇಡೀ ಫೋಲ್ಡರ್ ಕಾಪಿ ಮಾಡಿ. ಎಸ್‌ಕ್ಯೂಲೈಟ್‌ನ ‘.ಬ್ಯಾಕಪ್’ ಕಮಾಂಡ್‌ನಿಂದ ಸರ್ವರ್ ನಿಲ್ಲಿಸದೆಯೂ ಒಂದೊಂದು ಫೈಲ್ ಸುಸ್ಥಿತಿಯಲ್ಲಿ ಸಿಗುತ್ತದೆ, ನಿಜ. ಆದರೆ ಪೆಟ್ಟಿಗೆಯೊಳಗಿನ ಸಾಮಾನು ಇರುವುದು ಮ್ಯಾಪ್ ಫೈಲ್‌ನಲ್ಲಿ, ಆಟಗಾರರ ಕೈಯಲ್ಲಿರುವುದು ಪ್ಲೇಯರ್ಸ್.ಎಸ್‌ಕ್ಯೂಲೈಟ್‌ನಲ್ಲಿ. ಎರಡೂ ಬೇರೆ ಬೇರೆ ಕ್ಷಣದವಾದರೆ ವಸ್ತುಗಳು ಎರಡೆರಡಾಗುತ್ತವೆ, ಇಲ್ಲವೇ ಮಾಯವಾಗುತ್ತವೆ. ಹಾಗಾಗಿ ನಿಲ್ಲಿಸಿ ಮಾಡುವುದೇ ಮೇಲು. ಆಟಗಾರರು ಕೆಲವು ನಿಮಿಷ ಕಾಯುತ್ತಾರೆ.

ಮ್ಯಾಪ್ ಒಂದನ್ನೇ ಉಳಿಸಿದರೂ ಸಾಲದು. ಪಾಸ್‌ವರ್ಡ್ ಮತ್ತು ಹಕ್ಕುಗಳು ಆಥ್ ಫೈಲ್‌ನಲ್ಲಿ, ಮಾಡ್‌ಗಳ (ಆಟಕ್ಕೆ ಸೇರಿಸುವ ಹೆಚ್ಚುವರಿ ತುಣುಕುಗಳ) ಲೆಕ್ಕ ಮಾಡ್_ಸ್ಟೋರೇಜ್‌ನಲ್ಲಿ ಇರುತ್ತವೆ. ಮ್ಯಾಪ್_ಮೆಟಾ.ಟಿಎಕ್ಸ್‌ಟಿ ಬಹಳ ಚಿಕ್ಕದು, ಅದಕ್ಕೇ ಮರೆತುಹೋಗುತ್ತದೆ. ನೆಲ ಹೇಗೆ ಹುಟ್ಟಬೇಕೆಂದು ನಿರ್ಧರಿಸುವ ಸಂಖ್ಯೆ, ಅಂದರೆ ಸೀಡ್, ಅದರಲ್ಲೇ ಇರುವುದು. ಅದು ಕಳೆದರೆ ಮುಂದೆ ಹುಟ್ಟುವ ನೆಲ ಹಳೆಯದಕ್ಕೆ ಹೊಂದದೆ, ಗಡಿಯಲ್ಲಿ ಗುಡ್ಡಗಳು ಕತ್ತರಿಸಿದಂತೆ ನಿಲ್ಲುತ್ತವೆ.

ಪ್ರತಿ ಬ್ಯಾಕಪ್‌ನ ಡೇಟಾಬೇಸ್ ಫೈಲ್‌ಗಳ ಮೇಲೂ ಎಸ್‌ಕ್ಯೂಲೈಟ್‌ನ ‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ಓಡಿಸಿ; ಉತ್ತರ ‘ಓಕೆ’ ಅಂತಲೇ ಬರಬೇಕು. ಆಗಾಗ ಬೇರೆ ಯಂತ್ರದಲ್ಲಿ ಅದೇ ಪ್ರತಿಯಿಂದ ಸರ್ವರ್ ಎಬ್ಬಿಸಿ, ಮುಖ್ಯ ಕಟ್ಟಡಗಳ ನಡುವೆ ಓಡಾಡಿ ನೋಡಿ.

ಫೈಲ್ ಈಗಾಗಲೇ ಕೆಟ್ಟಿದ್ದರೆ ಮೂಲವನ್ನು ಮುಟ್ಟಬೇಡಿ. ಅದರ ನಕಲಿನ ಮೇಲೆ ಎಸ್‌ಕ್ಯೂಲೈಟ್‌ನ ‘.ರಿಕವರ್’ ಓಡಿಸಿ, ಬಂದದ್ದನ್ನು ಹೊಸ ಡೇಟಾಬೇಸ್‌ಗೆ ಹಾಕಿ. ಕೆಟ್ಟ ಡೇಟಾ ಕಂಡರೂ ಸರ್ವರ್ ನಿಲ್ಲದಂತೆ ಮಾಡುವ ‘ಇಗ್ನೋರ್_ವರ್ಲ್ಡ್_ಲೋಡ್_ಎರರ್ಸ್’ ಆನ್ ಮಾಡಿ ಎಂಬ ಸಲಹೆ ಸಿಕ್ಕರೆ ಕೇಳಬೇಡಿ. ರಿಕವರ್‌ನಲ್ಲೂ ಸಿಗದ ಬ್ಲಾಕ್‌ಗಳ ಜಾಗದಲ್ಲಿ ಮ್ಯಾಪ್‌ಜೆನ್ (ನೆಲ ಹುಟ್ಟಿಸುವ ಭಾಗ) ಹೊಸ ನೆಲ ಎಬ್ಬಿಸುತ್ತದೆ. ಅಲ್ಲಿದ್ದ ಕಟ್ಟಡವನ್ನು ಮತ್ತೆ ಕೈಯಾರೆ ಕಟ್ಟಬೇಕು.