‘ಎಂಟು ಗಂಟೆ ತಂಪು’ ಅನ್ನೋ ಜಾಕೆಟ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಬೇಸಿಗೆ ಬಂದರೆ ಸಾಕು, ಫೋನ್ ತುಂಬ ಕೂಲಿಂಗ್ ಜಾಕೆಟ್ ಜಾಹೀರಾತು. ‘ಕರೆಂಟ್ ಬೇಡ, ಫ್ರಿಜ್ ಬೇಡ, ರಾತ್ರಿ ಕೋಣೆಯಲ್ಲಿ ನೇತುಹಾಕಿ, ಬೆಳಗ್ಗೆ ಹಾಕ್ಕೊಳ್ಳಿ, ಎಂಟು ಗಂಟೆ ತಂಪು!’ ನಾವು ಕಲಬುರಗಿಯಲ್ಲಿ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವವರು. ಮೇ ತಿಂಗಳ ಬಿಸಿಲಿಗೆ ಹುಡುಗರಿಗೆ ಆಸರೆಯಾಗಲಿ ಅಂತ ನಾಲ್ಕು ತರಿಸಿದೆವು. ದುಡ್ಡು ಹೋಗಿದ್ದು ಹಾಗಿರಲಿ, ಒಬ್ಬ ಹುಡುಗ ತಲೆ ಸುತ್ತಿ ಏಣಿ ಪಕ್ಕದಲ್ಲೇ ಕೂತುಬಿಟ್ಟ.

ಒಳಗಿನ ತಂತ್ರವೇನೋ ನಿಜವಾದದ್ದೇ. ಕೊಬ್ಬರಿ ಎಣ್ಣೆ ನೋಡಿ, 24 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಕರಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ, ಆದರೆ ಪೂರ್ತಿ ಕರಗುವ ತನಕ ತಾನು ಹೆಚ್ಚು ಬಿಸಿಯಾಗುವುದಿಲ್ಲ. ಜಾಕೆಟ್ಟಿನ ಪ್ಯಾಕೆಟ್‌ಗಳಲ್ಲಿರುವ ಮೇಣ ಮಾಡುವುದೂ ಅದನ್ನೇ. ಇಂಥವಕ್ಕೆ ಪಿಸಿಎಂ, ಅಂದರೆ ಫೇಸ್ ಚೇಂಜ್ ಮೆಟೀರಿಯಲ್ ಅನ್ನುತ್ತಾರೆ. ನಮಗೆ ಬಂದದ್ದು 28 ಡಿಗ್ರಿಯದು. ಬಿಸಿಲಲ್ಲಿ ಚರ್ಮ 35ರ ಹತ್ತಿರ ಇರುತ್ತದೆ, ಹಾಗಾಗಿ ಶಾಖ ಮೈಯಿಂದ ಮೇಣಕ್ಕೆ ಹರಿಯುತ್ತದೆ.

ತೊಂದರೆ ಇಲ್ಲಿಂದಲೇ ಶುರು. 28ರಲ್ಲಿ ಕರಗುವ ವಸ್ತು ಮತ್ತೆ ಗಟ್ಟಿಯಾಗಬೇಕಾದರೆ ಅದಕ್ಕಿಂತ ತಣ್ಣಗಿನ ಜಾಗ ಬೇಕು. ಮೇ ತಿಂಗಳಲ್ಲಿ ನಮ್ಮೂರಿನ ಕೋಣೆ ರಾತ್ರಿಯೂ 30ರ ಮೇಲೇ ಇರುತ್ತದೆ. ಬೆಳಗ್ಗೆ ಪ್ಯಾಕೆಟ್ ಒತ್ತಿ ನೋಡಿದರೆ ಒಳಗೆ ಜುಳುಜುಳು ಎಣ್ಣೆ. ಮಾರಿದವರಿಗೆ ಫೋನ್ ಮಾಡಿದರೆ, ‘ಹಾಗಾದ್ರೆ ಫ್ರಿಜ್‌ನಲ್ಲಿಡಿ ಸರ್’ ಅಂದರು. ಫ್ರಿಜ್ ಬೇಡ ಅಂತ ತಾನೇ ಜಾಹೀರಾತಿನಲ್ಲಿ ಹೇಳಿದ್ದು!

ಸರಿ, ಫ್ರಿಜ್‌ನಲ್ಲೂ ಇಟ್ಟೆವು. ಗಟ್ಟಿಯಾಯಿತು. ಹಾಕಿಕೊಂಡಾಗ ಹಿತವಾಗಿಯೇ ಇತ್ತು, ಮುಕ್ಕಾಲು ಗಂಟೆಗೆಲ್ಲ ಮುಗಿಯಿತು. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿದರೆ ಒಂದು ಜಾಕೆಟ್ಟಿನ ಪ್ಯಾಕೆಟ್‌ಗಳೆಲ್ಲ ಸೇರಿ 1.2 ಕಿಲೋ. ಇಂಥ ಮೇಣ ಕರಗುವಾಗ ಕಿಲೋಗೆ ಸುಮಾರು 200 ಕಿಲೋಜೂಲ್ ಶಾಖ ಹೀರುತ್ತದೆ. ಅಲ್ಲಿಗೆ ಒಟ್ಟು 240. ಮೈಮುರಿದು ದುಡಿಯುವ ದೇಹ 300 ವ್ಯಾಟ್‌ಗೂ, ಅಂದರೆ ಸೆಕೆಂಡಿಗೆ 300 ಜೂಲ್‌ಗೂ ಜಾಸ್ತಿ ಶಾಖ ಹುಟ್ಟಿಸುತ್ತದೆ. ಜಾಕೆಟ್ ಬರೀ 100 ವ್ಯಾಟ್ ಎಳೆದುಕೊಂಡರೂ 40 ನಿಮಿಷಕ್ಕೆ ಖಾಲಿ. ಬಿಸಿಲಿನ ಶಾಖ ಇದರಲ್ಲಿ ಸೇರಿಯೇ ಇಲ್ಲ. ಎಂಟು ಗಂಟೆ ಬರಬೇಕಾದರೆ ಹದಿನಾಲ್ಕು ಕಿಲೋಗೂ ಜಾಸ್ತಿ ಮೇಣ ಹೊರಬೇಕು. ಯಾರು ಹೊರ್ತಾರೆ?

ಕರಗಿದ ಮೇಲಿನದ್ದು ಇನ್ನೂ ಕೆಟ್ಟದ್ದು. ಪ್ಯಾಕೆಟ್ಟಿನ ಪ್ಲಾಸ್ಟಿಕ್ ಎದೆಗೆ, ಬೆನ್ನಿಗೆ ಅಂಟಿಕೊಂಡು ಬೆವರು ಆರಲು ಬಿಡುವುದಿಲ್ಲ. ಬೆವರು ಆರುವುದರಿಂದ ಸಿಗುವ ತಂಪೂ ಹೋಯಿತು. ‘ಅಣ್ಣಾ, ತಗದ ಹಾಕ್ತೀನ್ರೀ, ಒಳಗ ಕುದೀಲಿಕತ್ತದ’ ಅಂದವನೇ ಆ ಹುಡುಗ ಕೂತುಬಿಟ್ಟ. ನೆರಳಿಗೆ ಕರೆದುಕೊಂಡು ಹೋಗಿ ಜಾಕೆಟ್ ಬಿಚ್ಚಿ, ಮೈಗೆ ನೀರು ಹಾಕಿ ಗಾಳಿ ಬೀಸಿದ ಮೇಲೆ ಸುಧಾರಿಸಿಕೊಂಡ.

ಇನ್ನೊಂದು ಜಾಕೆಟ್ಟಿನ ಹೊಲಿಗೆಯಲ್ಲಿ ಪ್ಯಾಕೆಟ್ ಸೋರಿ ಅಂಗಿ ತುಂಬ ಎಣ್ಣೆ ಕಲೆಯಾಯಿತು. ಪ್ಯಾರಾಫಿನ್ ಮೇಣ ಬೆಂಕಿ ಹೊತ್ತಿಕೊಳ್ಳುವಂಥದ್ದು. ನಮ್ಮಲ್ಲಿ ಗ್ರೈಂಡರ್ ಕಿಡಿ ಹಾರುತ್ತಲೇ ಇರುತ್ತದೆ. ವೆಲ್ಡಿಂಗ್ ಮಾಡುವವರಂತೂ ಇದರ ಹತ್ತಿರವೂ ಸುಳಿಯಬೇಡಿ.

ಎಸಿ ಕೋಣೆಯೋ ಫ್ರಿಜ್ಜೋ ಪಕ್ಕದಲ್ಲಿದ್ದು, ಪ್ಯಾಕೆಟ್ ಬದಲಿಸಿಕೊಳ್ಳುತ್ತ ಗಂಟೆಗೊಮ್ಮೆ ಬಿಡುವು ತೆಗೆದುಕೊಳ್ಳುವ ಕೆಲಸವಾದರೆ ಉಪಯೋಗಕ್ಕೆ ಬಂದೀತು. ಕೊಳ್ಳುವುದೇ ಆದರೆ ಎಷ್ಟು ಡಿಗ್ರಿಗೆ ಕರಗುತ್ತದೆ, ಮೇಣ ಎಷ್ಟು ಕಿಲೋ ಇದೆ ಅಂತ ಮೊದಲೇ ಕೇಳಿ. ಬರವಣಿಗೆಯಲ್ಲಿ ಹೇಳದಿದ್ದರೆ ಬಿಟ್ಟುಬಿಡಿ.

‘ಬಳಸಿದ ಮಾಲು’ ಅಂತ ನಮ್ಮದನ್ನು ವಾಪಸ್ ತಗೊಳ್ಳಲಿಲ್ಲ. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಜಾಹೀರಾತು ಇನ್ನೂ ಓಡುತ್ತಿದೆ, ಅದೇ ಎಂಟು ಗಂಟೆ.