ಭಾನುವಾರ ಒಂದೇ ದಿನ ಬೆಟ್ಟ ಹತ್ತಿ ಓಡಿ ಇಳಿಯುವವರ ಗಮನಕ್ಕೆ

ವಾರವಿಡೀ ವ್ಯಾಯಾಮಕ್ಕೆ ಬಿಡುವಿಲ್ಲ ಅಂತ ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಎಲ್ಲ ಬಾಕಿ ಚುಕ್ತಾ ಮಾಡುವವರು ಮೈಸೂರಿನಲ್ಲಿ ಬಹಳ ಜನ. ಕುವೆಂಪುನಗರದ ಒಬ್ಬರು ಹೀಗೇ ಸಾವಿರ ಮೆಟ್ಟಿಲು ಹತ್ತಿ, ಹೊತ್ತಾಯಿತೆಂದು ಓಡುತ್ತಲೇ ಇಳಿದರು. ಸೋಮವಾರ ತೊಡೆ ಬಿಗಿದು ಕುರ್ಚಿಯಿಂದ ಏಳಲಾಗಲಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಆಫೀಸಿಗೆ ಹೋದರು. ಮಂಗಳವಾರ ಮೂತ್ರ ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಯಿತು.

ಸ್ನಾಯು ಹೀಗೆ ಒಡೆದು ಅದರೊಳಗಿನ ಅಂಶ ರಕ್ತಕ್ಕೆ ಸೋರುವುದಕ್ಕೆ ರಾಬ್ಡೊಮಯೋಲಿಸಿಸ್ ಅನ್ನುತ್ತಾರೆ. ಹತ್ತುವಾಗ ಏದುಸಿರು ಬರುತ್ತದೆ, ಆದರೆ ಸ್ನಾಯು ಹೆಚ್ಚಾಗಿ ಹಾಳಾಗುವುದು ಇಳಿಯುವಾಗ. ತೊಡೆಯ ಮುಂಭಾಗದ ಸ್ನಾಯು ಮೈಭಾರ ತಡೆಯುತ್ತಲೇ ಉದ್ದವಾಗಬೇಕು. ಅಭ್ಯಾಸವಿಲ್ಲದಿದ್ದರೆ ಅದರ ಎಳೆಗಳು ಹರಿಯುತ್ತವೆ. ಸಾಮಾನ್ಯವಾಗಿ ಕೆಲವು ದಿನ ನೋವಿದ್ದು ಹೋಗುತ್ತದೆ. ಹಾನಿ ಅತಿಯಾದರೆ ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸುತ್ತದೆ. ನೀರು ಕುಡಿಯದಿದ್ದರೆ ಅಪಾಯ ಇನ್ನೂ ಹೆಚ್ಚು. ಅದರ ಮೇಲೆ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ವೈದ್ಯರನ್ನು ಕೇಳದೆ ಆ ಮಾತ್ರೆಗಳನ್ನು ದಯವಿಟ್ಟು ಮುಟ್ಟಬೇಡಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಸಿಕೆ (ಸ್ನಾಯುವಿನ ಹಾನಿ ತೋರಿಸುವ ಕಿಣ್ವ) ಮತ್ತು ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ಅಂಶ) ನೋಡಿಸಿ.

ಬೆಟ್ಟ ಬೇಡವೆನ್ನುತ್ತಿಲ್ಲ. ಮೊದಲ ಕೆಲವು ವಾರ ಅರ್ಧಕ್ಕೇ ತಿರುಗಿ, ನಿಧಾನವಾಗಿ ಇಳಿಯಿರಿ. ಪೂರ್ತಿ ಹತ್ತಿದ ದಿನ ವಾಪಸ್ ನಗರ ಸಾರಿಗೆ ಬಸ್ಸಿನಲ್ಲಿ ಬನ್ನಿ. ಅದರಲ್ಲಿ ಅವಮಾನವೇನೂ ಇಲ್ಲ. ವಾರದ ನಡುವೆ ಮೂರು ದಿನ ಹತ್ತೇ ನಿಮಿಷ ಸಾಕು: ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ, ಮನೆಯ ಮೆಟ್ಟಿಲೊಂದನ್ನು ಹತ್ತಿ ಅಷ್ಟೇ ನಿಧಾನವಾಗಿ ಇಳಿಯುವುದು ಪ್ರತಿ ಕಾಲಿಗೆ ಎಂಟು ಸಲ, ಗೋಡೆಗೆ ಕೈಯೂರಿ ಪುಷ್‌ಅಪ್ ಹತ್ತು. ಇದನ್ನೇ ಎರಡು ಸುತ್ತು. ಈ ನಿಧಾನದ ಇಳಿತವೇ ಮುಖ್ಯ. ಹಗುರವಾಗಿ ಒಮ್ಮೆ ಪಳಗಿದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭವಾಗಿ ಹರಿಯುವುದಿಲ್ಲ.

ಹೊರಡುವ ಮುಂಚೆ ಒಂದು ಬಾಳೆಹಣ್ಣು, ಎರಡು ಲೋಟ ನೀರು. ಇಳಿದ ಮೇಲೆ ಬರೀ ಕಬ್ಬಿನ ಹಾಲು ಕುಡಿದರೆ ಸಕ್ಕರೆ ಸಿಕ್ಕೀತು, ಸ್ನಾಯು ರಿಪೇರಿಗೆ ಬೇಕಾದ ಪ್ರೋಟೀನ್ ಸಿಗದು. ಮೊಟ್ಟೆ ತಿನ್ನಿ, ಇಲ್ಲವೇ ಮುದ್ದೆಗೆ ಹುರುಳಿಕಾಳಿನ ಸಾರು ಮಾಡಿಕೊಳ್ಳಿ. 30 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಕಾಳು ಬಸಿದು ಬರೀ ಕಟ್ಟು ಉಣ್ಣಬೇಡಿ, ಕಾಳನ್ನೂ ತಿನ್ನಿ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹತ್ತಲೇಬಾರದು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ; ಸಕ್ಕರೆ ತೀರಾ ಇಳಿದು ಕೈ ನಡುಗಿ ಬೆವರು ಕಿತ್ತರೆ ಅಲ್ಲೇ ಕುಳಿತು ಮೂರು ಟೀ ಚಮಚ ಪುಡಿಯನ್ನು ನೀರಿಗೆ ಬೆರೆಸಿ ಕುಡಿಯಿರಿ, ಹದಿನೈದು ನಿಮಿಷ ಏಳಬೇಡಿ.