ತುಟ್ಮೋಸ್‌ನ ಸ್ಕ್ಯಾರಬ್ಬೋ, ಅಮೆನ್‌ಹೋಟೆಪ್‌ನದ್ದೋ?

ಪ್ರಾಚೀನ ಈಜಿಪ್ಟಿನ ರಾಜರ ಹೆಸರಿರುವ ಸ್ಕ್ಯಾರಬ್, ಅಂದರೆ ಜೀರುಂಡೆ ಆಕಾರದ ತಾಯಿತಗಳನ್ನು ಓದಲು ಕಲಿಯಬೇಕು, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಸುಲಭ ಬೇಕಿದ್ದರೆ 3ನೇ ತುಟ್ಮೋಸ್. 'ಮೆನ್‌ಖೆಪೆರ್‌ರೆ' ಎಂಬ ಅವನ ಪಟ್ಟದ ಹೆಸರಿಗೆ ಮೂರೇ ಚಿಹ್ನೆ: ಸೂರ್ಯನ ಬಿಲ್ಲೆ, ಸೆನೆಟ್ ಆಟದ ಮಣೆ, ಜೀರುಂಡೆ. ಮ್ಯೂಸಿಯಂಗಳಲ್ಲಿ ಇವು ಜಾಸ್ತಿ. ಆದರೆ ಕಾಲ ಹೇಳುವುದು ಕಷ್ಟ. ಅವನು ಸತ್ತು ಶತಮಾನಗಳಾದ ಮೇಲೂ ಆ ಹೆಸರನ್ನು ರಕ್ಷೆಗೆಂದು ಕೆತ್ತುತ್ತಲೇ ಇದ್ದರು. ಹೆಸರು ಕಂಡ ಮಾತ್ರಕ್ಕೆ ಅವನ ಕಾಲದ್ದು ಅನ್ನಬೇಡಿ.

ಇತಿಹಾಸದ ಹುಚ್ಚಿದ್ದರೆ 3ನೇ ಅಮೆನ್‌ಹೋಟೆಪ್. ಅವನ ದೊಡ್ಡ ಸ್ಮಾರಕ ಸ್ಕ್ಯಾರಬ್‌ಗಳ ತಳದಲ್ಲಿ ಸಾಲುಸಾಲು ಬರಹ: ರಾಣಿ ತೀಯೆ, ಅವಳಿಗಾಗಿ ತೋಡಿಸಿದ ಕೆರೆ, ಕಾಡುಗೂಳಿ ಬೇಟೆ, ಮೊದಲ 10 ವರ್ಷಗಳಲ್ಲಿ ಅರಸನೇ ಕೊಂದ ಸಿಂಹಗಳ ಲೆಕ್ಕ. ಅಂಗೈಯಗಲದ ಕಲ್ಲಿನಲ್ಲಿ ಎಷ್ಟೊಂದು ಸುದ್ದಿ ಅಲ್ವಾ! ಆದರೆ ಸ್ವಲ್ಪ ವ್ಯಾಕರಣ ಕಲಿತ ಮೇಲೆ ಇವನ್ನು ಹಿಡಿಯಿರಿ.